ಪೊರೆಯಿಂದಲೇ ಕಣ್ಣಿನ ಪ್ರೆಶರ್ ಏರಿದೆ, ಕೂಡಲೇ ಆಪರೇಷನ್ ಅಂತಿದ್ದಾರೆ. ಮಾಡಿಸಬಹುದಾ?

ಮಂಡಕ್ಕಿ ಊರಿನವನು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿಯೊಳಗೆ ತೀರ್ಮಾನ ಮಾಡಬೇಕಾಗಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಮ್ಮ ಅವ್ವನಿಗೆ 68 ವರ್ಷ. ಜಗಳೂರು ಕಡೆ ಹಳ್ಳಿಯಲ್ಲಿ ಅಣ್ಣನ ಜೊತೆ ಇದ್ದಾಳೆ. ಬಲಗಣ್ಣಿಗೆ ಕೆಲವು ವರ್ಷದ ಹಿಂದೆ ಕ್ಯಾಂಪಿನಲ್ಲಿ ಪೊರೆ ತೆಗೆದು ಲೆನ್ಸ್ ಹಾಕಿದ್ದರು. ಅದು ಚೆನ್ನಾಗಿದೆ. ಎಡಗಣ್ಣಿನಲ್ಲೂ ಪೊರೆ ಇತ್ತು. "ಒಂದು ಕಣ್ಣು ಕಾಣುತ್ತಲ್ಲ, ಸಾಕು ಬಿಡು" ಅಂತ ಅವ್ವ ಮುಂದೆ ಹಾಕುತ್ತಲೇ ಬಂದಳು. ಈಗ ಮೂರ್ನಾಲ್ಕು ದಿನದಿಂದ ಎಡಗಡೆ ಹಣೆ, ಹುಬ್ಬು, ಕಪಾಳ ಎಲ್ಲ ಸಿಡಿಯುವಂಥ ನೋವು. ವಾಂತಿಯೂ ಆಯಿತು. ಊರ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಪಿತ್ತ, ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಕಣ್ಣು ಕೆಂಪಗಾಗಿದ್ದಕ್ಕೆ ಅಣ್ಣ ಮೆಡಿಕಲ್ ಶಾಪಿನಿಂದ ಡ್ರಾಪ್ಸ್ ತಂದು ಹಾಕಿದ. ಏನೂ ಕಡಿಮೆ ಆಗಲಿಲ್ಲ. ಇವತ್ತು ಬೆಳಿಗ್ಗೆ ಇಲ್ಲಿಗೆ ಕರೆದುಕೊಂಡು ಬಂದು ಕಣ್ಣಿನ ಡಾಕ್ಟರಿಗೆ ತೋರಿಸಿದೆ.

ಪ್ರೆಶರ್ 52 ಇದೆಯಂತೆ. ಪೊರೆ ಊದಿಕೊಂಡು ಗ್ಲಾಕೋಮಾ (ಪ್ರೆಶರ್ ಏರಿ ಕಣ್ಣಿನ ನರ ಕೆಡುವ ಕಾಯಿಲೆಯಂತೆ) ಆಗಿದೆ, ಪೊರೆ ತೆಗೆಯುವುದೇ ಇದಕ್ಕೆ ಚಿಕಿತ್ಸೆ ಅಂದರು. ಈಗ ಅಡ್ಮಿಟ್ ಮಾಡಿ ಬಾಟಲಿ ಏರಿಸಿದ್ದಾರೆ, ಮಾತ್ರೆ, ಡ್ರಾಪ್ಸ್ ನಡೆಯುತ್ತಿದೆ. ಪ್ರೆಶರ್ ಇಳಿದರೆ ನಾಳೆಯೇ ಆಪರೇಷನ್ ಅಂತಾರೆ.

ನಮ್ಮ ಚಿಕ್ಕಪ್ಪ ಬೇಡವೇ ಬೇಡ ಅನ್ನುತ್ತಿದ್ದಾರೆ. "ಗ್ಲಾಕೋಮಾ ಇದ್ದ ಕಣ್ಣು ಮುಟ್ಟಬಾರದು, ಅದೂ ಕೆಂಪಗಿರುವಾಗ ಕೊಯ್ದರೆ ಕಣ್ಣೇ ಹೋಗುತ್ತೆ, ಮೊದಲು ಔಷಧದಲ್ಲಿ ವಾಸಿ ಆಗಲಿ" ಅಂತ. ಅವ್ವನೂ ಹೆದರಿದ್ದಾಳೆ. ಔಷಧದಲ್ಲೇ ಕಡಿಮೆ ಆಗಲ್ವಾ? ಆಪರೇಷನ್ ಮಾಡಿಸಿದರೆ ದೃಷ್ಟಿ ವಾಪಸ್ ಬರುತ್ತಾ?

ಹರಿಹರದ ಹೊಳೆಸಾಲು

ಅಣ್ಣಾ, ಧೈರ್ಯವಾಗಿರಿ. ನನಗೆ ವೈದ್ಯಕೀಯ ಗೊತ್ತಿಲ್ಲ. ಇಲ್ಲಿ ಚಳ್ಳಕೆರೆ ಕಡೆಯ ನಿವೃತ್ತ ನೇತ್ರಾಧಿಕಾರಿ ಒಬ್ಬರು ಬರೆಯುತ್ತಿರುತ್ತಾರೆ, ಅವರು ನೋಡಲಿ ಅಂತ ಈ ಪ್ರಶ್ನೆ ಮೇಲೆ ತರುತ್ತಿದ್ದೇನೆ. ಅಲ್ಲಿಯವರೆಗೆ ಅವ್ವನ್ನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾತ್ರ ಮಾಡಿಸಬೇಡಿ.

ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ

ನೋಡಿದೆ. ತಮ್ಮಾ, ಮೊದಲು ನನಗೆ ಎರಡು ವಿಷಯ ಹೇಳು. ಎಡಗಣ್ಣಿನ ಪಾಪೆ ನಡುವೆ ಬೆಳ್ಳಗೆ ಕಾಣುತ್ತಾ? ಡಾಕ್ಟರು ಟಾರ್ಚ್ ಹಿಡಿದು "ಬೆಳಕು ಯಾವ ಕಡೆ ಇದೆ" ಅಂತ ಕೇಳಿದಾಗ ಅವ್ವ ಸರಿಯಾಗಿ ಹೇಳಿದಳಾ?

ಆಪರೇಷನ್ ವಿಷಯಕ್ಕೆ ಈಗಲೇ ಉತ್ತರ ಹೇಳುತ್ತೇನೆ, ಕಾಯಬೇಡ. ಡಾಕ್ಟರು ಹೇಳಿದ್ದು ಸರಿ. ಮಾಡಿಸು.

ಮಂಡಕ್ಕಿ ಊರಿನವನು, ದಾವಣಗೆರೆ

ಸರ್, ಪಾಪೆ ಪೂರ್ತಿ ಬೆಳ್ಳಗಿದೆ, ಮೇಲೆ ಮಂಜು ಕವಿದ ಹಾಗೂ ಇದೆ. ಟಾರ್ಚನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಿಡಿದು ಕೇಳಿದರು. ಬಲಗಣ್ಣು ಕೈಯಿಂದ ಮುಚ್ಚಿದ್ದರು. ನಾಲ್ಕೂ ಕಡೆ ಸರಿಯಾಗಿ ಹೇಳಿದಳು. ಮೂಗಿನ ಕಡೆ ಹಿಡಿದಾಗ ಸ್ವಲ್ಪ ತಡವರಿಸಿದಳು. ಕೈಬೆರಳು ಕಾಣಲ್ಲ, ಬೆಳಕು ಮಾತ್ರ.

ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ

ಹಾಗಾದರೆ ಕಣ್ಣಿನ ನರಕ್ಕೆ ಇನ್ನೂ ಜೀವ ಇದೆ. ಆ ಟಾರ್ಚ್ ಪರೀಕ್ಷೆ ನೋಡೋಕೆ ಸಣ್ಣದು, ಆದರೆ ಬಿಳಿ ಪೊರೆಯ ಹಿಂದೆ ಏನೂ ಕಾಣದಿರುವಾಗ ನರ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ಅದೇ ದಾರಿ. ಜೊತೆಗೆ ಕಣ್ಣಿಗೆ ಸ್ಕ್ಯಾನ್ ಮಾಡಿ ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ಅದರ ಜಾಗದಲ್ಲಿದೆಯಾ ನೋಡುತ್ತಾರೆ. ನಿಮಗೂ ಮಾಡಿರಬೇಕು.

ನಾನು ಕೆಲಸದಲ್ಲಿದ್ದಷ್ಟು ಕಾಲ ಹಳ್ಳಿ ಹಳ್ಳಿ ಸುತ್ತಿ ಪೊರೆ ಪೇಷೆಂಟ್‌ಗಳನ್ನು ಕ್ಯಾಂಪಿಗೆ ಕರೆತಂದವನು. ಈ ರೀತಿ ಬರುತ್ತಿದ್ದವರಲ್ಲಿ ಬಹಳ ಮಂದಿ ನಿಮ್ಮ ಅವ್ವನ ಥರವೇ. ಒಂದು ಕಣ್ಣು ಆಗಿರುತ್ತೆ. ಅದರಲ್ಲಿ ಅಕ್ಕಿ ಆರಿಸುತ್ತಾರೆ, ಬಸ್ಸಿನ ಬೋರ್ಡ್ ಓದುತ್ತಾರೆ. ಇನ್ನೊಂದು ಕಣ್ಣು ಇದೆ ಅನ್ನುವುದೇ ಮರೆತು ಹೋಗುತ್ತೆ. ಶೇಂಗಾ ಕಿತ್ತ ಮೇಲೆ ನೋಡೋಣ, ಈರುಳ್ಳಿ ರೇಟ್ ಬಂದ ಮೇಲೆ ನೋಡೋಣ, ಮೊಮ್ಮಗಳ ಮದುವೆ ಮುಗಿಯಲಿ. ಅಷ್ಟರಲ್ಲಿ ಪೊರೆ ಒಳಗೊಳಗೇ ಬಲಿಯುತ್ತಿರುತ್ತೆ.

ಯಾಕೆ ಪ್ರೆಶರ್ ಏರುತ್ತೆ ಅನ್ನುವುದನ್ನು ಡಾಕ್ಟರ್ ಮೇಡಂ ಇಲ್ಲಿ ಇದ್ದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕಣ್ಣಿನ ವೈದ್ಯೆ, ದಾವಣಗೆರೆ

ಇದ್ದೇನೆ ಸರ್. ಒಪಿಡಿ ಮುಗಿಸಿ ಈಗ ನೋಡಿದೆ. ನಾನು ಇವರ ತಾಯಿಯನ್ನು ಪರೀಕ್ಷೆ ಮಾಡಿಲ್ಲ, ಹಾಗಾಗಿ ನೋಡುತ್ತಿರುವ ಡಾಕ್ಟರ ಮಾತೇ ಕೊನೆಯದು. ಈ ಕಾಯಿಲೆ ಹೇಗೆ ಅಂತ ಹೇಳುತ್ತೇನೆ.

ನಮ್ಮ ಕಣ್ಣಿನೊಳಗೆ ಒಂದು ತಿಳಿ ನೀರು ಹಗಲೂ ರಾತ್ರಿ ಹುಟ್ಟುತ್ತಿರುತ್ತದೆ. ಇದು ಕಣ್ಣೀರಲ್ಲ, ಬೇರೆ. ಬಣ್ಣದ ಪರದೆಯ, ಅಂದರೆ ಐರಿಸ್‌ನ ಹಿಂದೆ ಹುಟ್ಟಿ, ಪಾಪೆಯ ಮೂಲಕ ಮುಂದೆ ಬರುತ್ತದೆ. ಅಲ್ಲಿ ಐರಿಸ್ ಮತ್ತು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸೇರುವ ಮೂಲೆಯಲ್ಲಿ ಒಂದು ಸಣ್ಣ ಜಾಲರಿ ಇದೆ. ಅದರಿಂದ ಹೊರಗೆ ಹೋಗಿ ರಕ್ತ ಸೇರುತ್ತದೆ. ಹುಟ್ಟುವುದೂ ಹೋಗುವುದೂ ಸಮ ಇದ್ದರೆ ಪ್ರೆಶರ್ 10ರಿಂದ 21ರ ಒಳಗೆ ಇರುತ್ತದೆ.

ಪೊರೆ ಅಂದರೆ ಪಾಪೆಯ ಹಿಂದಿರುವ ನಮ್ಮ ಸ್ವಂತ ಲೆನ್ಸೇ ಮಂಜಾಗುವುದು. ಅದು ಈ ನೀರಿನ ಓಡಾಟವನ್ನು ಮುಖ್ಯವಾಗಿ ಎರಡು ಥರ ಕೆಡಿಸುತ್ತದೆ. ಒಂದು, ಬಲಿಯುತ್ತಿರುವ ಪೊರೆ ನೀರು ಹೀರಿಕೊಂಡು ದಪ್ಪ ಆಗುತ್ತದೆ. ಕಣ್ಣಿನೊಳಗೆ ಜಾಗ ಇರುವುದೇ ಇಷ್ಟು. ದಪ್ಪ ಆದ ಲೆನ್ಸ್ ಐರಿಸ್ ಅನ್ನು ಮುಂದಕ್ಕೆ ನೂಕುತ್ತದೆ, ಮೂಲೆ ಮುಚ್ಚಿಹೋಗುತ್ತದೆ. ಇದನ್ನು ಫೇಕೋಮಾರ್ಫಿಕ್ ಗ್ಲಾಕೋಮಾ ಅನ್ನುತ್ತೇವೆ. ಇವರ ಅವ್ವನಿಗೆ ಆಗಿರುವುದು ಇದೇ ಇರಬೇಕು, "ಊದಿಕೊಂಡಿದೆ" ಅಂದಿದ್ದಾರಲ್ಲ.

ಇನ್ನೊಂದು, ಅದಕ್ಕೂ ಮುಂದಿನ ಹಂತ. ಪೊರೆ ಅತಿಯಾಗಿ ಬಲಿತು ಒಳಗಿನ ಭಾಗ ಕರಗಿ ಬಿಳಿ ದ್ರವ ಆಗುತ್ತದೆ. ಅದರಲ್ಲಿನ ಪ್ರೋಟೀನ್ ಲೆನ್ಸಿನ ಚೀಲದಿಂದ ಸೋರುತ್ತದೆ. ಅದನ್ನು ತಿನ್ನಲು ರಕ್ತದ ಬಿಳಿ ಕಣಗಳು ಬರುತ್ತವೆ. ಈ ಎರಡೂ ಸೇರಿ, ಭದ್ರಾ ನಾಲೆಯ ತೂಬಿಗೆ ಕಸ ಕಟ್ಟಿದ ಹಾಗೆ ಜಾಲರಿಗೆ ಕಟ್ಟಿಕೊಳ್ಳುತ್ತವೆ. ಇಲ್ಲಿ ಮೂಲೆ ತೆರೆದೇ ಇರುತ್ತದೆ, ಆದರೂ ನೀರು ಹೋಗುವುದಿಲ್ಲ. ಇದು ಫೇಕೋಲೈಟಿಕ್.

ಕಣ್ಣಿಗೆ ಪೆಟ್ಟು ಬಿದ್ದು ಲೆನ್ಸ್ ಜಾರಿದಾಗ, ಅಥವಾ ಲೆನ್ಸಿನ ಚೂರುಗಳು ಒಳಗೆ ಹರಡಿದಾಗಲೂ ಪ್ರೆಶರ್ ಏರಬಹುದು. ಅದು ಕಡಿಮೆ.

ಈಗ ಚಿಕ್ಕಪ್ಪನವರ ಮಾತಿಗೆ ಬರುತ್ತೇನೆ. ಔಷಧದಲ್ಲಿ ಪ್ರೆಶರ್ ಇಳಿಯುತ್ತದೆ, ನಿಜ. ಆದರೆ ಕಾರಣ ಒಳಗೇ ಇರುತ್ತದೆ. ಊದಿದ ಲೆನ್ಸ್ ಡ್ರಾಪ್ಸ್‌ನಿಂದ ತೆಳ್ಳಗಾಗುವುದಿಲ್ಲ. ಸೋರುವ ಪೊರೆ ಸೋರುವುದನ್ನು ನಿಲ್ಲಿಸುವುದಿಲ್ಲ. ಔಷಧದ ಬಲ ಮುಗಿದ ಕೂಡಲೇ ಪ್ರೆಶರ್ ಮತ್ತೆ ಏರುತ್ತದೆ. ಹಾಗಾಗಿ ಮಾತ್ರೆ, ಬಾಟಲಿ ಎಲ್ಲ ಕಣ್ಣನ್ನು ಆಪರೇಷನ್‌ಗೆ ಸಿದ್ಧ ಮಾಡಲಿಕ್ಕೆ. ನಿಜವಾದ ಚಿಕಿತ್ಸೆ ಪೊರೆ ತೆಗೆಯುವುದೇ.

ಚನ್ನಗಿರಿ ಅಡಿಕೆ ತೋಟ

ಮೇಡಂ, ಒಂದು ಅನುಮಾನ. ನಮ್ಮ ಮಾವನಿಗೆ ಗ್ಲಾಕೋಮಾ ಅಂತ ವರ್ಷಗಳಿಂದ ಡ್ರಾಪ್ಸ್ ಹಾಕುತ್ತಿದ್ದೇವೆ. ಅವರಿಗೂ ಪೊರೆ ಶುರುವಾಗಿದೆ. ಅವರ ಡಾಕ್ಟರು "ಪೊರೆ ತೆಗೆದರೂ ಡ್ರಾಪ್ಸ್ ಬಿಡುವ ಹಾಗಿಲ್ಲ" ಅಂದಿದ್ದಾರೆ. ನೀವು ನೋಡಿದರೆ ಪೊರೆ ತೆಗೆಯುವುದೇ ಚಿಕಿತ್ಸೆ ಅಂತೀರಿ. ಯಾವುದು ಸರಿ?

ಕಣ್ಣಿನ ವೈದ್ಯೆ, ದಾವಣಗೆರೆ

ಎರಡೂ ಸರಿ. ಕಾಯಿಲೆ ಬೇರೆ ಬೇರೆ.

ನಿಮ್ಮ ಮಾವನಿಗೆ ಇರುವುದು ಬಹುಶಃ ಓಪನ್ ಆಂಗಲ್ ಗ್ಲಾಕೋಮಾ. ಅಲ್ಲಿ ತಪ್ಪು ಜಾಲರಿಯಲ್ಲೇ ಇದೆ, ಲೆನ್ಸಿನಲ್ಲಿ ಅಲ್ಲ. ನೋವಿಲ್ಲದೆ ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ. ಅಂಥವರಿಗೆ ಪೊರೆ ತೆಗೆದರೆ ಪ್ರೆಶರ್ ಸ್ವಲ್ಪ ಇಳಿಯಬಹುದು, ಅಷ್ಟೇ. ಡ್ರಾಪ್ಸ್ ಮುಂದುವರಿಸಲೇಬೇಕು. ಈ ಚರ್ಚೆ ಓದಿ ಯಾರೂ ಡ್ರಾಪ್ಸ್ ನಿಲ್ಲಿಸಬೇಡಿ, ದಯವಿಟ್ಟು.

ಮೂಲೆ ಮುಚ್ಚಿಕೊಳ್ಳುವ ಇನ್ನೊಂದು ಜಾತಿ ಇದೆ, ಆಂಗಲ್ ಕ್ಲೋಷರ್. ಅದರಲ್ಲಿ ಲೆನ್ಸಿನ ಪಾತ್ರ ದೊಡ್ಡದು. 2016ರಲ್ಲಿ ಈಗಲ್ ಅನ್ನುವ ಅಧ್ಯಯನ ಪ್ರಕಟವಾಯಿತು. 50 ದಾಟಿದ 419 ಜನರ ಮೇಲೆ ಮಾಡಿದ್ದು, ಅವರಿಗೆ ಪೊರೆ ಇರಲಿಲ್ಲ. ಐರಿಸ್‌ಗೆ ಲೇಸರ್‌ನಿಂದ ತೂತು ಮಾಡುವುದಕ್ಕಿಂತ, ತಿಳಿಯಾಗಿರುವ ಲೆನ್ಸನ್ನೇ ತೆಗೆದು ಕೃತಕ ಲೆನ್ಸ್ ಹಾಕಿದವರಲ್ಲಿ ಫಲಿತಾಂಶ ಚೆನ್ನಾಗಿತ್ತು. ತಿಳಿ ಲೆನ್ಸ್ ತೆಗೆದರೇ ಮೂಲೆ ಅಷ್ಟು ಅಗಲ ಆಗುತ್ತದೆ ಅಂದ ಮೇಲೆ, ಊದಿದ ಪೊರೆ ತೆಗೆದರೆ ಎಷ್ಟು ಜಾಗ ಬಿಡುತ್ತದೆ ಯೋಚನೆ ಮಾಡಿ. ನಾವು ಹಾಕುವ ಕೃತಕ ಲೆನ್ಸ್ 1 ಮಿಲಿಮೀಟರ್ ಆಸುಪಾಸು ದಪ್ಪ. ವಯಸ್ಸಾದವರ ಸ್ವಂತ ಲೆನ್ಸ್ 4ರಿಂದ 5 ಮಿಲಿಮೀಟರ್ ಇರುತ್ತದೆ. ಊದಿದರೆ ಇನ್ನೂ ಜಾಸ್ತಿ.

ಮಂಡಕ್ಕಿ ಊರಿನವನು, ದಾವಣಗೆರೆ

ಮೇಡಂ, ತುಂಬಾ ಉಪಕಾರ. ಚಿಕ್ಕಪ್ಪನಿಗೆ ಇದನ್ನೇ ಓದಿ ಹೇಳಿದೆ. ಅವರ ಭಯ ಒಂದೇ, ಕೆಂಪಗಿರುವ ಕಣ್ಣು ಕೊಯ್ಯುವುದು ಅಪಾಯ ಅಲ್ವಾ?

ಕಣ್ಣಿನ ವೈದ್ಯೆ, ದಾವಣಗೆರೆ

ಮಾಮೂಲಿ ಪೊರೆ ಆಪರೇಷನ್‌ಗಿಂತ ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ಕಾರ್ನಿಯಾ ಮಂಜಾಗಿರುತ್ತದೆ, ಒಳಗೆ ಜಾಗ ಕಡಿಮೆ, ಲೆನ್ಸಿನ ಚೀಲ ಬಿಗಿಯಾಗಿರುತ್ತದೆ ಇಲ್ಲವೇ ತೆಳ್ಳಗಾಗಿರುತ್ತದೆ. ಪ್ರೆಶರ್ ತುಂಬ ಜಾಸ್ತಿ ಇರುವಾಗ ಕಣ್ಣು ತೆರೆದರೆ ಒಳಗೆ ರಕ್ತಸ್ರಾವ ಆಗುವ ಭಯವೂ ಇದೆ. ಅದಕ್ಕೇ ಮೊದಲು ಪ್ರೆಶರ್ ಇಳಿಸುವುದು. ಬಾಟಲಿಯಲ್ಲಿ ಕೊಡುತ್ತಿರುವುದು ಮ್ಯಾನಿಟಾಲ್ ಇರಬೇಕು. ಅದು ಕಣ್ಣಿನೊಳಗಿನ ನೀರನ್ನು ಎಳೆದು ಹೊರಗೆ ಹಾಕುತ್ತದೆ. ಮಾತ್ರೆ ಅಸೆಟಜೋಲಮೈಡ್, ಅದು ನೀರು ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ಟಿಮೊಲಾಲ್ ಥರದ ಡ್ರಾಪ್ಸ್ ಕೂಡ ಹಾಗೇ. ಉರಿಯೂತ ಇಳಿಸಲು ಸ್ಟೀರಾಯ್ಡ್ ಡ್ರಾಪ್ಸ್ ಇರುತ್ತದೆ.

ಅವ್ವನಿಗೆ ಕೈಬೆರಳು ಜುಮ್ ಅನ್ನಬಹುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗಬಹುದು. ಅದು ಆ ಮಾತ್ರೆ ಮತ್ತು ಬಾಟಲಿಯಿಂದ, ಗಾಬರಿ ಬೇಡ. ರಾತ್ರಿ ಒಬ್ಬಳನ್ನೇ ಬಾತ್‌ರೂಮಿಗೆ ಕಳಿಸಬೇಡಿ. ಕಿಡ್ನಿ ತೊಂದರೆ, ಹಾರ್ಟ್ ತೊಂದರೆ ಇದ್ದರೆ, ಸಲ್ಫಾ ಔಷಧಕ್ಕೆ ಅಲರ್ಜಿ ಆಗಿದ್ದರೆ ಈಗಲೇ ಡಾಕ್ಟರಿಗೆ ಹೇಳಿ. ಟಿಮೊಲಾಲ್ ಇರುವುದರಿಂದ ಅಸ್ತಮಾ ಇದ್ದರೂ ಹೇಳಬೇಕು.

ಕೆಂಪು ಪೂರ್ತಿ ಹೋಗಲಿ ಅಂತ ವಾರಗಟ್ಟಲೆ ಕಾದರೆ ಕಣ್ಣಿನ ನರ ಹೋಗುತ್ತದೆ. ಮೂಲೆ ಮುಚ್ಚಿದ್ದು ಹಾಗೇ ಅಂಟಿಕೊಂಡೂ ಬಿಡುತ್ತದೆ. ಆಮೇಲೆ ಪೊರೆ ತೆಗೆದರೂ ನೀರಿನ ದಾರಿ ತೆರೆಯುವುದಿಲ್ಲ. ಮದುರೈನ ಅರವಿಂದ ಆಸ್ಪತ್ರೆಯವರು 1996ರಲ್ಲಿ 93 ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಅರ್ಧಕ್ಕಿಂತ ಜಾಸ್ತಿ ಜನರಿಗೆ ಒಳ್ಳೆಯ ದೃಷ್ಟಿ ಬಂತು. ಪ್ರೆಶರ್ ಏರಿ 5 ದಿನ ದಾಟಿ ಬಂದವರಲ್ಲಿ, 60 ವರ್ಷ ಮೀರಿದವರಲ್ಲಿ ಫಲಿತಾಂಶ ಕೆಟ್ಟದಿತ್ತು. ವಯಸ್ಸು ನಮ್ಮ ಕೈಯಲ್ಲಿಲ್ಲ. ದಿನಗಳು ಇವೆ. ನೀವು ಇನ್ನೂ ಆ 5 ದಿನದ ಒಳಗೇ ಇದ್ದೀರಿ.

ಹೊನ್ನಾಳಿ ರೈತ

ನಮ್ಮ ಕಡೆ ಕೆಂಪಾದ ಕಣ್ಣಿಗೆ ನಂದಿಬಟ್ಟಲ ಹೂವಿನ ರಸ ಬಿಡುತ್ತಾರೆ. ತಂಪು. ಆಪರೇಷನ್‌ಗೆ ಮೊದಲು ಒಂದು ಸಲ ಹಾಕಿ ನೋಡಬಹುದೇನೋ.

ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ

ಬೇಡ ಅಣ್ಣಾ. ನಿಮ್ಮ ಮನಸ್ಸು ಒಳ್ಳೆಯದು, ಆದರೆ ನಾಳೆ ಆಪರೇಷನ್ ಆಗಬೇಕಾದ ಕಣ್ಣಿಗೆ ಹೂವಿನ ರಸ, ಜೇನು, ಹರಳೆಣ್ಣೆ, ಎದೆಹಾಲು ಯಾವುದೂ ಬೀಳಬಾರದು. ಹೂವಿನ ಜೊತೆ ಕ್ರಿಮಿ ಹೋಗುತ್ತೆ, ಕಾರ್ನಿಯಾ ಹುಣ್ಣಾಗುತ್ತೆ. ಹಾಗೆ ಆದ ಕಣ್ಣುಗಳನ್ನು ನಾನು ಕೈಯಾರೆ ತೊಳೆದಿದ್ದೇನೆ.

ಮೆಡಿಕಲ್ ಶಾಪಿನ ಡ್ರಾಪ್ಸ್ ಕೂಡ ಅಷ್ಟೇ. ಕೆಂಪಿಗೆ ಅಂತ ಕೇಳಿದರೆ ಕೆಲವರು ಸ್ಟೀರಾಯ್ಡ್ ಇರುವುದನ್ನು ಕೊಟ್ಟುಬಿಡುತ್ತಾರೆ. ಡಾಕ್ಟರು ನೋಡಿ ಲೆಕ್ಕ ಹಾಕಿ ಕೊಟ್ಟರೆ ಅದು ಔಷಧ. ಸುಮ್ನೆ ತಿಂಗಳುಗಟ್ಟಲೆ ಹಾಕಿಕೊಂಡರೆ ಅದರಿಂದಲೇ ಪೊರೆ ಬರುತ್ತೆ, ಪ್ರೆಶರೂ ಏರುತ್ತೆ. ತಮ್ಮಾ, ಅಣ್ಣ ತಂದು ಹಾಕಿದ್ದ ಬಾಟಲಿ ಇದ್ದರೆ ಡಾಕ್ಟರಿಗೆ ತೋರಿಸು.

ಹೊನ್ನಾಳಿ ರೈತ

ಆಯ್ತು ಸರ್. ನಮ್ಮ ಮನೆಯಲ್ಲೂ ಹೇಳುತ್ತೇನೆ.

ಹೊಳಲ್ಕೆರೆ ಅಕ್ಕ

ಇದನ್ನು ಓದುತ್ತಾ ಕೈ ನಡುಗಿತು. ನಮ್ಮ ಅತ್ತೆಗೂ ಹೀಗೇ ಆಗಿತ್ತು. ತಲೆನೋವು ಅಂತ ಗಟ್ಟಿಯಾಗಿ ಬಟ್ಟೆ ಕಟ್ಟಿಕೊಂಡು ಮಲಗಿಬಿಟ್ಟಿದ್ದರು. ಅವರಿಗೆ ಅರೆತಲೆನೋವು ಮೊದಲಿಂದ ಇತ್ತು, ಹಾಗಾಗಿ ಯಾರಿಗೂ ಕಣ್ಣಿನ ಕಡೆ ಗಮನ ಹೋಗಲಿಲ್ಲ. ಎರಡು ವಾರದ ಮೇಲೆ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದಾಗ ಟಾರ್ಚಿನ ಬೆಳಕೇ ಗೊತ್ತಾಗಲಿಲ್ಲ. ಡಾಕ್ಟರು ಮೂರು ಸಲ ಕೇಳಿದರು. ಅತ್ತೆ "ಹಚ್ಚಿದ್ದೀರಾ?" ಅಂದರು. ಆ ಕಣ್ಣಿನಲ್ಲಿ ದೃಷ್ಟಿ ಬರಲ್ಲ, ನೋವು ತಡೆಯಲಿಕ್ಕೆ ಅಷ್ಟೇ ಏನಾದರೂ ಮಾಡಬಹುದು ಅಂದರು.

ತಮ್ಮಾ, ನಿಮ್ಮ ಅವ್ವನಿಗೆ ನಾಲ್ಕೂ ಕಡೆ ಬೆಳಕು ಕಂಡಿದೆ. ಚಿಕ್ಕಪ್ಪನ ಕಾಲು ಹಿಡಿದಾದರೂ ಒಪ್ಪಿಸಿ.

ಮಂಡಕ್ಕಿ ಊರಿನವನು, ದಾವಣಗೆರೆ

ಅಕ್ಕಾ, ನಿಮ್ಮ ಮಾತನ್ನು ಅವ್ವನ ಮುಂದೆಯೇ ಓದಿದೆ. ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಅವ್ವ ತಾನೇ "ನಾಳೆ ಮಾಡಿಸಿಬಿಡು" ಅಂದಳು. ಪ್ರೆಶರ್ 30ಕ್ಕೆ ಇಳಿದಿದೆ. ಸಹಿ ಹಾಕಿದ್ದೇನೆ. ಶುಗರ್, ಬಿಪಿ ಎಲ್ಲ ನೋಡಿದ್ದಾರೆ.

ಚನ್ನಗಿರಿ ಅಡಿಕೆ ತೋಟ

ಒಳ್ಳೆಯದಾಗಲಿ. ಆದ ಮೇಲೆ ತಿಳಿಸಿ.

ಇನ್ನೊಂದು ಕೇಳಬೇಕಿತ್ತು ನೇತ್ರಾಧಿಕಾರಿ ಸರ್‌ಗೆ. ನಮ್ಮೂರಲ್ಲಿ ಈಗಲೂ ಎಲ್ಲರೂ ಹೇಳುವುದು "ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ" ಅಂತಲೇ. ವಿದ್ಯಾವಂತರೂ ಹೇಳುತ್ತಾರೆ. ಇದು ಎಲ್ಲಿಂದ ಬಂತು?

ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ

ಈ ಪ್ರಶ್ನೆ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದೆ. ಯಾಕೆಂದರೆ ಇವತ್ತಿಗೂ ಜನರ ಕಣ್ಣು ಕಳೆಯುತ್ತಿರುವುದು ಇದೇ ಮಾತು.

ಅದು ಸುಳ್ಳು ಮಾತಾಗಿ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಅದೇ ಸರಿ ಇತ್ತು. ಆಗ ಪೊರೆಯನ್ನು ಚೀಲದ ಸಮೇತ ಇಡಿಯಾಗಿ ತೆಗೆಯುತ್ತಿದ್ದರು. ಒಳಗೆ ಲೆನ್ಸ್ ಹಾಕುವ ಪದ್ಧತಿ ಇರಲಿಲ್ಲ. ಆಪರೇಷನ್ ಆದ ಮೇಲೆ ದಪ್ಪ ಸೋಡಾ ಬುಡ್ಡಿ ಕನ್ನಡಕ ಕೊಡುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯ ಹಳೆಯ ಫೋಟೋದಲ್ಲಿ ಇರುತ್ತೆ ನೋಡಿ. ಆ ಕನ್ನಡಕದಲ್ಲಿ ವಸ್ತುಗಳು ದೊಡ್ಡದಾಗಿ ಕಾಣುತ್ತಿದ್ದವು, ಪಕ್ಕದ್ದು ಕಾಣುತ್ತಿರಲಿಲ್ಲ, ಮೆಟ್ಟಿಲು ಇಳಿಯುವಾಗ ಎಡವುತ್ತಿದ್ದರು. ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದಕ್ಕೆ ಆಪರೇಷನ್ ಆದರೆ ಎರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಾಗಾಗಿ ಪೂರ್ತಿ ಕಾಣದೆ ಹೋಗುವವರೆಗೆ ಕಾಯಿರಿ ಅನ್ನುತ್ತಿದ್ದರು.

ನಮ್ಮ ನಾಡಿನಲ್ಲಿ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಸಾಮೂಹಿಕ ಶಿಬಿರಗಳಲ್ಲಿ ಲಕ್ಷಗಟ್ಟಲೆ ಜನರಿಗೆ ಕಣ್ಣು ಕೊಟ್ಟರು. ಹಳೆಯ ತಲೆಮಾರಿನ ನೆನಪು ಆ ಶಿಬಿರಗಳದ್ದು. ಅವರು ತೀರಿಕೊಂಡಿದ್ದು 2005ರಲ್ಲಿ. ಅಷ್ಟರೊಳಗೆ ಆಪರೇಷನ್ ಪೂರ್ತಿ ಬದಲಾಗಿತ್ತು. ಕಣ್ಣಿನೊಳಗೆ ಲೆನ್ಸ್ ಇಡುವುದನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಮಾಡಿದ್ದರು. ಅದು ನಮ್ಮ ಕ್ಯಾಂಪ್‌ಗಳವರೆಗೆ ಬರಲು ದಶಕಗಳು ಹಿಡಿದವು. ಬಂದ ಮೇಲೆ ಕಾಯುವ ಕಾರಣವೇ ಇಲ್ಲ. ಈಗ ಕಾಯುವುದರಿಂದ ಕಷ್ಟವೇ ಜಾಸ್ತಿ. ಗಟ್ಟಿಯಾದ ಪೊರೆ ತೆಗೆಯುವುದು ಕಷ್ಟ, ಊದಿದರೆ ಹೀಗೆ ಪ್ರೆಶರ್.

ಆಪರೇಷನ್ ಬದಲಾಯಿತು, ಮಾತು ಹಾಗೇ ಉಳಿಯಿತು. ಕ್ಯಾಂಪಿನ ದಿನ ನಾವು ಹೆಸರು ಬರೆದುಕೊಂಡು ಹೋದರೂ, ಸಂಜೆ ಕಟ್ಟೆ ಮೇಲೆ ಕೂತ ಹಿರಿಯರು ಒಬ್ಬರು "ಇನ್ನೂ ಹಣ್ಣಾಗಿಲ್ಲ ಬಿಡು" ಅಂದರೆ ಮಾರನೇ ದಿನ ಜೀಪು ಖಾಲಿ ಬರುತ್ತಿತ್ತು.

ಹರಿಹರದ ಹೊಳೆಸಾಲು

ಸರ್, ಇದನ್ನು ನಮ್ಮ ಊರಿನ ಗ್ರೂಪಿಗೆ ಹಾಕುತ್ತೇನೆ.

ಮಂಡಕ್ಕಿ ಊರಿನವನು, ದಾವಣಗೆರೆ

ಆಪರೇಷನ್ ಆಯಿತು. ಎಲ್ಲರಿಗೂ ತಿಳಿಸೋಣ ಅಂತ.

ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರು. ಅವ್ವ ಹೇಳಿದ ಪ್ರಕಾರ ಅದೊಂದು ಚುಚ್ಚಿದ್ದು ಬಿಟ್ಟರೆ ನೋವು ಗೊತ್ತಾಗಲಿಲ್ಲ, ಮಾತುಗಳು ಕೇಳಿಸುತ್ತಿದ್ದವು. ಸಣ್ಣ ಗಾಯದ ಆಪರೇಷನ್ ಅಂದರು, ಹೊಲಿಗೆ ಹಾಕಿಲ್ಲ. ಬಿಳಿ ಪೊರೆಯಲ್ಲಿ ಚೀಲ ಕಾಣಲ್ಲ ಅಂತ ನೀಲಿ ಬಣ್ಣ ಹಾಕಿ ನೋಡಿಕೊಂಡು ತೆಗೆದರಂತೆ. ಲೆನ್ಸ್ ಕೂಡ ಹಾಕಿದ್ದಾರೆ.

ಮಾರನೇ ದಿನ ಪಟ್ಟಿ ಬಿಚ್ಚಿದಾಗ ಕಾರ್ನಿಯಾ ಇನ್ನೂ ಮಂಜಾಗಿತ್ತು. ನರ್ಸ್ ಬೆರಳು ತೋರಿಸಿದರು. ಅವ್ವ ಸ್ವಲ್ಪ ಹೊತ್ತು ನೋಡಿ "ಮೂರು" ಅಂದಳು. ಸರಿ ಇತ್ತು. ಅದಕ್ಕಿಂತ ಮುಖ್ಯ, ತಲೆನೋವು ನಿಂತಿದೆ. ರಾತ್ರಿ ನಿದ್ದೆ ಮಾಡಿದಳು. ಬೆಳಿಗ್ಗೆ ತಾನೇ ಕೇಳಿ ಇಡ್ಲಿ ತಿಂದಳು. ಪ್ರೆಶರ್ 18.

ಚಿಕ್ಕಪ್ಪ ಬಂದು ನೋಡಿಕೊಂಡು ಹೋದರು.

ಹೊಳಲ್ಕೆರೆ ಅಕ್ಕ

ದೇವರು ದೊಡ್ಡವನು. ಇಡ್ಲಿ ತಿಂದಳು ಅಂತ ಓದಿ ಕಣ್ಣು ತುಂಬಿ ಬಂತು.

ಕಣ್ಣಿನ ವೈದ್ಯೆ, ದಾವಣಗೆರೆ

ತುಂಬಾ ಸಂತೋಷ. ಆ ಮಂಜು ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಅದು ಆದ ಮೇಲೆ ಡಾಕ್ಟರು ನರವನ್ನು ನೋಡುತ್ತಾರೆ. ಆಗಲೇ ದೃಷ್ಟಿ ಎಷ್ಟು ಬರುತ್ತದೆ ಅಂತ ಸರಿಯಾಗಿ ಹೇಳಲು ಸಾಧ್ಯ. ಪ್ರೆಶರ್‌ನಿಂದ ನರಕ್ಕೆ ಆದ ನಷ್ಟ ವಾಪಸ್ ಬರುವುದಿಲ್ಲ. ಆಪರೇಷನ್ ಮಾಡುವುದು ಮುಂದೆ ಆಗುವ ನಷ್ಟವನ್ನು ತಡೆಯಲಿಕ್ಕೆ, ಪೊರೆಯಿಂದ ಮರೆಯಾಗಿದ್ದ ದೃಷ್ಟಿಯನ್ನು ತೆರೆಯಲಿಕ್ಕೆ.

ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಪ್ರೆಶರ್ ಸರಿಯಾಯಿತು ಅಂತ ಚೆಕಪ್ ಬಿಡಬೇಡಿ. ಮೂಲೆ ಎಲ್ಲಾದರೂ ಅಂಟಿಕೊಂಡಿದ್ದರೆ ಕೆಲವು ತಿಂಗಳ ಮೇಲೆ ನಿಧಾನವಾಗಿ ಮತ್ತೆ ಏರಬಹುದು. ಆಗ ಡ್ರಾಪ್ಸ್ ಬೇಕಾಗುತ್ತದೆ. ಕೆಲವರಿಗೆ ಗ್ಲಾಕೋಮಾ ಆಪರೇಷನ್ ಬೇರೆಯಾಗಿ ಬೇಕಾಗುತ್ತದೆ. ಅದು ನೋವಿಲ್ಲದೆ ಏರುತ್ತದೆ, ಅವ್ವನಿಗೆ ಗೊತ್ತೇ ಆಗುವುದಿಲ್ಲ.

ಮಂಡಕ್ಕಿ ಊರಿನವನು, ದಾವಣಗೆರೆ

ಆಯ್ತು ಮೇಡಂ. ಇನ್ನೂ ಕೆಲವು ವಾರ ಅವ್ವನ್ನ ಇಲ್ಲೇ ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ. ಊರಿಗೆ ಹೋದರೆ ಒಲೆ ಮುಂದೆ ಕೂರುತ್ತಾಳೆ, ದನದ ಕೊಟ್ಟಿಗೆಗೆ ಹೋಗುತ್ತಾಳೆ, ಹೇಳಿದರೆ ಕೇಳಲ್ಲ.

ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ

ಒಳ್ಳೆಯ ಯೋಚನೆ. ತಲೆಗೆ ನೀರು ಹಾಕಿಕೊಳ್ಳುವುದು, ಕಣ್ಣು ಉಜ್ಜುವುದು, ಭಾರ ಎತ್ತುವುದು ಡಾಕ್ಟರು ಹೇಳುವವರೆಗೆ ಬೇಡ. ಡ್ರಾಪ್ಸ್ ಹಾಕುವ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಕೆಳರೆಪ್ಪೆ ಎಳೆದು ಒಂದು ಹನಿ ಸಾಕು, ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಎರಡು ಥರದ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲವಾದರೆ ಮೊದಲನೆಯದು ತೊಳೆದು ಹೋಗುತ್ತೆ. ಕೆಂಪು ಜಾಸ್ತಿ ಆದರೆ, ಕೀವು ಬಂದರೆ, ಕಾಣುತ್ತಿದ್ದದ್ದು ಮಂಕಾದರೆ ಅದೇ ದಿನ ಓಡಿ.

ಮೊಳಕಾಲ್ಮೂರು ಮಗ್ಗ

ತಡವಾಗಿ ಓದಿದೆ. ನಮ್ಮ ಅಪ್ಪ ರೇಷ್ಮೆ ಸೀರೆ ನೇಯುವವರು. ಒಂದು ಕಣ್ಣಿಗೆ ಲೆನ್ಸ್ ಆಗಿದೆ. ಇನ್ನೊಂದರ ಪಾಪೆ ಪೂರ್ತಿ ಬೆಳ್ಳಗಿದೆ. ನೋವಿಲ್ಲ, ಕೆಂಪಿಲ್ಲ. "ನೋವು ಬಂದರೆ ಹೋಗೋಣ" ಅನ್ನುತ್ತಾರೆ. ಈ ಚರ್ಚೆ ಓದಿದ ಮೇಲೆ ನನಗೆ ಭಯ ಶುರುವಾಗಿದೆ. ದುಡ್ಡಿನದೂ ಯೋಚನೆ.

ಕಣ್ಣಿನ ವೈದ್ಯೆ, ದಾವಣಗೆರೆ

ನೋವಿಲ್ಲದಿರುವಾಗ ಮಾಡಿಸುವುದೇ ಸುಲಭ, ನಿಮಗೂ ಸುಲಭ, ಡಾಕ್ಟರಿಗೂ ಸುಲಭ. ಪೂರ್ತಿ ಬಿಳಿ ಆಗಿದೆ ಅಂದರೆ ಇನ್ನು ಮುಂದೆ ಹಾಕಬೇಡಿ. ಈ ವಾರವೇ ತೋರಿಸಿ, ಪ್ರೆಶರ್ ನೋಡಿಸಿ. ಅಲ್ಲಿಯವರೆಗೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಉಂಗುರ, ಕೆಂಪು ಇವುಗಳಲ್ಲಿ ಯಾವುದಾದರೂ ಶುರುವಾದರೆ ರಾತ್ರಿಯಾದರೂ ಹೊರಡಿ. ಮಗ್ಗದಲ್ಲಿ ಎಳೆ ನೋಡಿ ಕೆಲಸ ಮಾಡುವವರಿಗೆ ಎರಡು ಕಣ್ಣು ಇದ್ದರೆ ಆಳ, ದೂರ ತಿಳಿಯುತ್ತದೆ. ಅವರಿಗೆ ಅದನ್ನು ಹೇಳಿ, ಒಪ್ಪುತ್ತಾರೆ.

ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ

ದುಡ್ಡಿನ ಯೋಚನೆ ಬಿಡಿ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆಯುತ್ತಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪೊರೆ ಆಪರೇಷನ್ ಉಚಿತ, ಲೆನ್ಸ್ ಕೂಡ. ನಿಮಗೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ ಇದೆ. ದಾವಣಗೆರೆ ಕಡೆಯವರಿಗೆ ಚಿಗಟೇರಿ ಆಸ್ಪತ್ರೆ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿ ಯಾವ ದಿನ ಸಿಗುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಮೊದಲನೇ ಕಣ್ಣಿನ ಆಪರೇಷನ್ ಚೀಟಿ ತೆಗೆದುಕೊಂಡು ಹೋಗಿ. ಅಪ್ಪ ಶುಗರ್, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯೂ ಇರಲಿ. ರಕ್ತ ತೆಳ್ಳಗಾಗುವ ಮಾತ್ರೆ ಇದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಮೊಳಕಾಲ್ಮೂರು ಮಗ್ಗ

ಆಶಾ ಅಕ್ಕನಿಗೆ ಈಗಷ್ಟೇ ಫೋನ್ ಮಾಡಿದೆ ಸರ್. ಅಪ್ಪನ ಹಳೇ ಚೀಟಿ ಹುಡುಕುತ್ತಿದ್ದೇವೆ. ಚೀಟಿ ಸಿಗದಿದ್ದರೆ ತೊಂದರೆ ಆಗುತ್ತಾ?

ನಿವೃತ್ತ ನೇತ್ರಾಧಿಕಾರಿ, ಚಳ್ಳಕೆರೆ

ಇಲ್ಲ. ಇದ್ದರೆ ಒಳ್ಳೆಯದು ಅಷ್ಟೇ. ಅದಕ್ಕಾಗಿ ಒಂದು ದಿನವೂ ನಿಲ್ಲಬೇಡಿ, ಕರೆದುಕೊಂಡು ಹೋಗಿ.